ಶನಿವಾರ ಎಲ್ಲಿಗೆ? ಮೊದಲು ಮಂಡಿ ಕೇಳಿ, ಆಮೇಲೆ ಮ್ಯಾಪ್ ನೋಡಿ

ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಬರೋದು ಒಂದೇ ಪ್ರಶ್ನೆ. "ಊರಿಂದ ಅಪ್ಪ ಅಮ್ಮ ಬಂದಿದ್ದಾರೆ ಕಣೋ. ಲಂಡನ್ ಎಲ್ಲಾ ತೋರಿಸಿ ಆಯ್ತು. ಈ ಶನಿವಾರ ಹಳ್ಳಿ ಕಡೆ ಎಲ್ಲಿಗೆ ಕರ್ಕೊಂಡು ಹೋಗಲಿ?" ಕೇಳುವವರು ಲಂಡನ್ನಿನ ಪಶ್ಚಿಮದ ರೆಡಿಂಗ್, ಸ್ಲೌ, ಹೌನ್ಸ್‌ಲೋ ಕಡೆಯ ನಮ್ಮವರು. ಕೇಳುವ ಹೊತ್ತಿಗೆ ಇನ್‌ಸ್ಟಾಗ್ರಾಮ್‌ನಲ್ಲಿ ನೋಡಿದ ಎರಡು ಜಾಗ ಮನಸ್ಸಲ್ಲಿ ಗಟ್ಟಿಯಾಗಿರುತ್ತದೆ. ನಾನು ಹೂಂ ಅನ್ನಬೇಕು, ಅಷ್ಟೇ.

ನಾನು ಹೂಂ ಅನ್ನೋದಿಲ್ಲ. "ಅಮ್ಮನ ಮಂಡಿ ಹೇಗಿದೆ?" ಅಂತ ತಿರುಗಿ ಕೇಳುತ್ತೇನೆ. ತಮಾಷೆ ಅಂದುಕೊಂಡು ನಗುತ್ತಾರೆ. ಆದರೆ ಇಂಗ್ಲೆಂಡಿನ ಹಳ್ಳಿಗಾಡು ಕಾರಿನಿಂದ ಇಳಿದು, ಫೋಟೋ ತೆಗೆದು, ಮತ್ತೆ ಕಾರು ಹತ್ತುವ ಜಾಗವಲ್ಲ. ಅಲ್ಲಿ ನೋಡುವುದಕ್ಕಿಂತ ನಡೆಯುವುದು ಜಾಸ್ತಿ. ಹೊಲ ರೈತನದು, ಅದರ ನಡುವೆ ಹಾಯುವ ಕಾಲುದಾರಿ ಎಲ್ಲರದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ಸಾರ್ವಜನಿಕ ದಾರಿಗಳು ಎಲ್ಲಾ ಸೇರಿ ಸುಮಾರು 2,25,000 ಕಿಲೋಮೀಟರ್ ಇವೆ. ಗೂಟಕ್ಕೆ ಹಳದಿ ಬಾಣ ಬಡಿದಿದ್ದರೆ ಅದು ನಡೆಯುವವರಿಗೆ. ನೀಲಿ ಬಾಣ ಇದ್ದರೆ ಕುದುರೆಗೂ ಸೈಕಲ್‌ಗೂ ದಾರಿ ಉಂಟು. ಬೇಲಿ ಬಂದ ಕಡೆ ಮರದ ಮೆಟ್ಟಿಲು ಹತ್ತಿ ಆಚೆ ಇಳಿಯಬೇಕು. ಇಲ್ಲಿ ಸ್ಟೈಲ್ ಅನ್ನುತ್ತಾರೆ. ನನ್ನ ಅಮ್ಮ ತೀರ್ಥಹಳ್ಳಿ ಕಡೆಯವರು. ಮೊದಲ ಸಲ ನೋಡಿದಾಗ "ಅಯ್ಯೋ, ಇದು ನಮ್ಮ ತಡಮೆ ಅಲ್ವನೋ" ಅಂದರು. ಸೀರೆ ಎತ್ತಿ ಹಿಡಿದು ದಾಟಿಯೂ ಬಿಟ್ಟರು. ಆರನೇ ತಡಮೆಯ ಹತ್ತಿರ ಕೂತವರು ಅರ್ಧ ಗಂಟೆ ಏಳಲಿಲ್ಲ.

ಆ ದಿನದಿಂದ ನನ್ನ ಲೆಕ್ಕ ಬದಲಾಯಿತು. ಎಷ್ಟು ಚೆನ್ನಾಗಿದೆ ಅನ್ನೋದು ಆಮೇಲೆ. ಎಷ್ಟು ತಡಮೆ, ಎಷ್ಟು ಏರು, ಎಷ್ಟು ಕೆಸರು, ಶೌಚಾಲಯ ಎಲ್ಲಿದೆ, ಮಧ್ಯಾಹ್ನ ಎರಡೂವರೆಗೆ ಹೊಟ್ಟೆಗೇನು ಅನ್ನೋದು ಮೊದಲು. ಕೆಳಗಿನದೆಲ್ಲ ರೆಡಿಂಗ್‌ನಿಂದ ಹೊರಡುವವರ ಲೆಕ್ಕ. ಲಂಡನ್ನಿನ ಪೂರ್ವದಲ್ಲಿ ಇರುವವರು ಸಮಯ ಸೇರಿಸಿಕೊಳ್ಳಿ.

ಎಲ್ಲರೂ ಮೊದಲು ಕೇಳೋದು ಕಾಟ್ಸ್‌ವೋಲ್ಡ್ಸ್ ಅನ್ನುವ ಗುಡ್ಡಸೀಮೆಯ ಹಳ್ಳಿಗಳನ್ನು. ಜೇನಿನ ಬಣ್ಣದ ಕಲ್ಲಿನ ಮನೆಗಳು, ಗೋಡೆ ತುಂಬ ಗುಲಾಬಿ, ಪಕ್ಕದಲ್ಲಿ ಸಣ್ಣ ಹೊಳೆ. ಫೋಟೋದಲ್ಲಿ ಇರುವಷ್ಟೇ ಚೆಂದ ನಿಜವಾಗಿಯೂ ಇದೆ. ಅದೇ ಅದರ ತೊಂದರೆ ಕೂಡ. ಬೋರ್ಟನ್-ಆನ್-ದ-ವಾಟರ್‌ನಲ್ಲಿ ವಿಂಡ್‌ರಷ್ ಹೊಳೆ ಊರ ನಡುವೆ ಮೊಣಕಾಲುದ್ದ ಹರಿಯುತ್ತದೆ, ಅದರ ಮೇಲೆ ಕುಳ್ಳ ಕುಳ್ಳ ಸೇತುವೆಗಳು. ಮೇ ತಿಂಗಳ ಶನಿವಾರ ಹನ್ನೊಂದು ಗಂಟೆಗೆ ಹೋದರೆ ಹೊಳೆಗಿಂತ ಮೊದಲು ನಿಮಗೆ ಕಾಣೋದು ಕಾರ್ ಪಾರ್ಕಿನ ಸಾಲು. ಬಿಬರಿಯಲ್ಲೂ ಇದೇ ಕಥೆ. ಅಲ್ಲಿನ ಆರ್ಲಿಂಗ್ಟನ್ ರೋ ಅನ್ನುವ ಮನೆಸಾಲು 14ನೇ ಶತಮಾನದಲ್ಲಿ ಉಣ್ಣೆ ಇಡುವ ಉಗ್ರಾಣವಾಗಿತ್ತು. 17ನೇ ಶತಮಾನದಲ್ಲಿ ನೇಕಾರರ ಮನೆಗಳಾಯಿತು. ಈಗಲೂ ಅಲ್ಲಿ ಜನ ವಾಸ ಇದ್ದಾರೆ. ಕಿಟಕಿಗೆ ಮುಖ ಒತ್ತಿ ಒಳಗೆ ನೋಡುವ ಪ್ರವಾಸಿಗರನ್ನು ಕಂಡಾಗ ನನಗೇ ನಾಚಿಕೆ ಆಗುತ್ತದೆ.

ಆದರೂ ಮಂಡಿನೋವಿನವರಿಗೆ ಬೋರ್ಟನ್ ಒಳ್ಳೆಯದೇ. ಎಲ್ಲಾ ಸಮತಟ್ಟು. ಬೆಂಚು ಉಂಟು, ಶೌಚಾಲಯ ಉಂಟು, ಐಸ್‌ಕ್ರೀಮ್ ಉಂಟು. ಮಕ್ಕಳಿಗೆ ಊರಿನ ಒಂಬತ್ತನೇ ಒಂದು ಅಳತೆಯ ಮಾದರಿ ಹಳ್ಳಿ ಇದೆ, 1937ರದು. ಬೆಳಿಗ್ಗೆ ಒಂಬತ್ತೂವರೆ ಒಳಗೆ ತಲುಪಿ, ಹನ್ನೊಂದಕ್ಕೆ ಜನ ಬರುವಾಗ ನೀವು ಅಲ್ಲಿಂದ ಲೋವರ್ ಸ್ಲಾಟರ್ ಕಡೆ ನಡೆಯಿರಿ. ಒಂದೂವರೆ ಮೈಲಿಗಿಂತ ಜಾಸ್ತಿ ಇಲ್ಲ, ಏರಿಲ್ಲ. ಆ ಹೆಸರಿಗೂ ಕೊಲ್ಲುವುದಕ್ಕೂ ಸಂಬಂಧ ಇಲ್ಲ. ಕೆಸರು ನೆಲ ಅನ್ನುವ ಹಳೆಯ ಇಂಗ್ಲಿಷ್ ಮಾತಿನಿಂದ ಬಂದದ್ದು. ಶೂ ಹಾಕುವಾಗ ಅದನ್ನು ನೆನಪಿಡಿ.

ಒಂದು ಆಸೆ ತೋರಿಸಿ ನಿರಾಸೆಯನ್ನೂ ಮಾಡಿಬಿಡುತ್ತೇನೆ. ಮೋರ್ಟನ್-ಇನ್-ಮಾರ್ಷ್ ಹತ್ತಿರ ಸೆಜಿನ್‌ಕೋಟ್ ಅಂತ ಒಂದು ಬಂಗಲೆ ಇದೆ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡ್ಡು ಮಾಡಿ ಬಂದ ಕಾಕರೆಲ್ ಮನೆತನದವರು 19ನೇ ಶತಮಾನದ ಆರಂಭದಲ್ಲಿ ಕಟ್ಟಿಸಿದ್ದು. ತಾಮ್ರದ ಗುಮ್ಮಟ, ಮೊಘಲ್ ಶೈಲಿ. ತೋಟದ ಸೇತುವೆ ಮೇಲೆ ನಂದಿಗಳು ಕೂತಿವೆ! ಸುತ್ತ ಇಂಗ್ಲಿಷ್ ಕುರಿಗಳು, ನಡುವೆ ನಮ್ಮ ಬಸವಣ್ಣ. ಆದರೆ ಅದು ಎಲ್ಲಾ ದಿನ ತೆರೆದಿರೋದಿಲ್ಲ. ವಾರಾಂತ್ಯದ ಯೋಜನೆಗೆ ಅದನ್ನು ನಂಬಿಕೊಂಡು ಹೊರಡಬೇಡಿ. ದಿನ, ಗಂಟೆ ನೋಡಿ, ಬೇಕಾದರೆ ರಜೆ ಹಾಕಿ ಹೋಗಿ.

ಕಾಟ್ಸ್‌ವೋಲ್ಡ್ಸ್‌ಗೆ ಒಂದೂವರೆ ಗಂಟೆ ಕಾರು ಓಡಿಸಿ, ಅಲ್ಲಿ ಪಾರ್ಕಿಂಗ್‌ಗೆ ಸುತ್ತುವ ಬದಲು ಇಪ್ಪತ್ತೈದು ನಿಮಿಷದಲ್ಲಿ ಚಿಲ್ಟರ್ನ್ಸ್ ಗುಡ್ಡಕ್ಕೆ ಹೋಗಬಹುದು ಅಂತ ಹೇಳಿದರೆ ಯಾರೂ ನಂಬೋದಿಲ್ಲ. "ಹತ್ತಿರ ಇದೆಯಲ್ಲ, ಯಾವಾಗ ಬೇಕಾದರೂ ಹೋಗಬಹುದು" ಅಂತಾರೆ. ಆ ಯಾವಾಗ ಬೇಕಾದರೂ ಅನ್ನೋದು ಬರೋದೇ ಇಲ್ಲ. ನನ್ನ ಮಟ್ಟಿಗೆ ಅಪ್ಪ ಅಮ್ಮ ಬಂದಾಗ ಮೊದಲ ವೋಟು ಚಿಲ್ಟರ್ನ್ಸ್‌ಗೆ, ಅದರಲ್ಲೂ ಸ್ಟೋಕ್ ರೋ ಅನ್ನುವ ಹಳ್ಳಿಗೆ. ಕಾರಣ ಒಂದು ಬಾವಿ.

ಚಿಲ್ಟರ್ನ್ಸ್ ಅಂದರೆ ಸೀಮೆಸುಣ್ಣದಂಥ ಬಿಳಿ ಕಲ್ಲಿನ ಗುಡ್ಡ. ಮಳೆ ಎಷ್ಟು ಬಂದರೂ ಆ ಕಲ್ಲು ಕುಡಿದುಬಿಡುತ್ತದೆ, ಮೇಲೆ ಹಳ್ಳ ತೊರೆ ಏನೂ ನಿಲ್ಲೋದಿಲ್ಲ. ಹಸಿರು ಕಾಡಿನ ನಡುವೆ ಇದ್ದರೂ ಹಳೆ ಕಾಲದಲ್ಲಿ ಇಲ್ಲಿನವರಿಗೆ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಪರದಾಟ. ಇಲ್ಲಿ ಪಕ್ಕದ ಇಪ್ಸ್‌ಡನ್‌ನ ಎಡ್ವರ್ಡ್ ರೀಡ್ ಅನ್ನುವವರು ಭಾರತದಲ್ಲಿ ಅಧಿಕಾರಿಯಾಗಿದ್ದರು. ಅಲ್ಲಿ ಒಂದು ಊರಿಗೆ ಬಾವಿ ತೋಡಿಸಿಕೊಟ್ಟಿದ್ದರು. ಕಾಶಿಯ ಮಹಾರಾಜರ ಜೊತೆ ಮಾತಾಡುವಾಗ ತಮ್ಮ ಊರಿನ ಕಥೆ ಹೇಳಿದರು: ಮನೆಯಲ್ಲಿ ಉಳಿದಿದ್ದ ಕೊನೆಯ ನೀರು ಕುಡಿದುಬಿಟ್ಟ ಅಂತ ಒಬ್ಬ ತಾಯಿ ಮಗನಿಗೆ ಹೊಡೆಯುತ್ತಿದ್ದಳಂತೆ. ಮಹಾರಾಜರು ಅದನ್ನು ಮರೆಯಲಿಲ್ಲ. ತಮ್ಮ ದುಡ್ಡಿನಲ್ಲಿ ಸ್ಟೋಕ್ ರೋದಲ್ಲಿ ಬಾವಿ ತೋಡಿಸಿದರು. 1864ರಲ್ಲಿ ಊರಿಗೆ ಬಿಟ್ಟುಕೊಟ್ಟರು. ಅಗಲ ನಾಲ್ಕೇ ಅಡಿ, ಆಳ 368 ಅಡಿ. ಪೂರ್ತಿ ಕೈಯಲ್ಲೇ ತೋಡಿದ್ದು. ಕುತುಬ್ ಮಿನಾರನ್ನು ಅದರೊಳಗೆ ಇಳಿಸಲು ಆಗಿದ್ದರೆ ಮೇಲೆ ಇನ್ನೂ ಸುಮಾರು ನೂರ ಮೂವತ್ತು ಅಡಿ ಜಾಗ ಉಳಿಯುತ್ತಿತ್ತು.

ಈಗ ನೀರು ಸೇದೋದಿಲ್ಲ. ಕಬ್ಬಿಣದ ಹಲ್ಲುಚಕ್ರಗಳು, ಅದರ ಮೇಲೆ ಚಿನ್ನದ ಬಣ್ಣದ ಆನೆ, ಮೇಲೊಂದು ಗುಮ್ಮಟ. ಬಾವಿ ನೋಡಿಕೊಳ್ಳುವವನಿಗೆ ಅಂತ ಪಕ್ಕದಲ್ಲೇ ಗೊಂಬೆಮನೆಯಷ್ಟು ಪುಟ್ಟ ಮನೆ. ಖರ್ಚಿಗೆ ಅಂತ ಒಂದು ಚೆರ್ರಿ ತೋಟವನ್ನೂ ಹಾಕಿಸಿದ್ದರು.

ಅಮ್ಮ ಅಲ್ಲಿ ಹೋಗಿ ನಿಂತದ್ದು ನನಗೆ ಚೆನ್ನಾಗಿ ನೆನಪಿದೆ. ಲಂಡನ್ ಐ ನೋಡಿ "ಹ್ಞೂಂ" ಅಂದಿದ್ದವರು. ಇಲ್ಲಿ ಕನ್ನಡಕ ಒರೆಸಿಕೊಂಡು ಎರಡು ಸುತ್ತು ಬಂದರು. ಗಡಗಡೆ ಎಲ್ಲಿ, ಹಗ್ಗ ಎಲ್ಲಿ ಸುತ್ತುತ್ತಿತ್ತು, ಕೊಡ ಎಷ್ಟು ದೊಡ್ಡದು, ಎಲ್ಲಾ ವಿಚಾರಣೆ ಆಯಿತು. ನಮ್ಮ ಊರ ಮನೆಯ ಬಾವಿ ನಲವತ್ತು ಅಡಿ. ಅದರಲ್ಲಿ ಸೇದಿಯೇ ಅಮ್ಮನ ಭುಜ ಹೋದದ್ದು. "ಮುನ್ನೂರ ಅರವತ್ತೆಂಟಾ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ಹುಡುಗನಿಗೆ ಹೊಡೆದವಳಿಗೂ ಕೈ ನೋಯ್ತಿತ್ತೋ ಏನೋ" ಅಂದರು. ಆಮೇಲೆ ಹುಲ್ಲಿನ ಮೇಲೆ ಟವಲ್ ಹಾಸಿ ಪುಳಿಯೋಗರೆ ಡಬ್ಬಿ ಬಿಚ್ಚಿದೆವು. ಮೇಲೆ ಕೆಂಪು ಹದ್ದುಗಳು ಸುತ್ತುತ್ತಿದ್ದವು. ಇಂಗ್ಲೆಂಡಿನಲ್ಲಿ ಪೂರ್ತಿ ಅಳಿದುಹೋಗಿದ್ದ ಈ ಕವಲು ಬಾಲದ ಹದ್ದನ್ನು 1989ರಿಂದ 1994ರವರೆಗೆ ಸ್ಪೇನ್‌ನಿಂದ ತಂದು ಚಿಲ್ಟರ್ನ್ಸ್‌ನಲ್ಲಿ ಬಿಟ್ಟರು. ಈಗ ರೆಡಿಂಗ್‌ನ ನಮ್ಮ ಹಿತ್ತಲ ಮೇಲೂ ಹಾರುತ್ತವೆ. ತಟ್ಟೆ ಕಡೆ ಒಂದು ಕಣ್ಣಿರಲಿ.

ಬಾವಿ ನೋಡಲು ಅರ್ಧ ಗಂಟೆ ಸಾಕು. ಉಳಿದ ದಿನಕ್ಕೆ ಸುತ್ತ ಬೀಚ್ ಮರಗಳ ಕಾಡಿದೆ. ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ ಹೋದರೆ ಕಾಡಿನ ನೆಲ ಪೂರ್ತಿ ಬ್ಲೂಬೆಲ್ ಹೂವಿನ ನೀಲಿ. ಕೀಳಬೇಡಿ, ಫೋಟೋಗೆ ಅಂತ ಹೂವಿನ ಮೇಲೆ ಕೂರಲೂಬೇಡಿ. ತುಳಿದ ಗಿಡ ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ಏರು ಬೇಕು ಅನ್ನುವ ಹುಡುಗರಿದ್ದರೆ ವೆಂಡೋವರ್ ಹತ್ತಿರದ ಕೂಂಬ್ ಹಿಲ್ ಇದೆ. 260 ಮೀಟರ್ ಎತ್ತರ. ತುದಿಯಿಂದ ಪ್ರಧಾನಿಯ ಹಳ್ಳಿಮನೆ ಚೆಕರ್ಸ್ ಇರುವ ಕಡೆಗೆಲ್ಲ ಕಾಣುತ್ತದೆ. ಲಂಡನ್‌ನವರಿಗೆ ಮೇರಿಲ್‌ಬೋನ್‌ನಿಂದ ವೆಂಡೋವರ್‌ಗೆ ನೇರ ರೈಲು, ಕಾರೇ ಬೇಡ.

ಇನ್ನು ಕಲ್ಲಾ, ಕುದುರೆಯಾ? ಪಶ್ಚಿಮಕ್ಕೆ ಎಂ4 ಹೆದ್ದಾರಿ ಹಿಡಿದರೆ ಈ ಎರಡೂ ಒಂದು ಗಂಟೆಯೊಳಗೆ. ಎರಡನ್ನೂ ಒಂದೇ ದಿನಕ್ಕೆ ತುರುಕುವ ಆಸೆ ಬರುತ್ತದೆ. ವಯಸ್ಸಾದವರು ಜೊತೆಗಿದ್ದರೆ ಬೇಡ, ಒಂದನ್ನು ಆರಿಸಿ.

ಯಫಿಂಗ್ಟನ್‌ನ ಬಿಳಿ ಕುದುರೆ ಅಂದರೆ ಗುಡ್ಡದ ಹುಲ್ಲು ಕೆರೆದು, ಕಾಲುವೆ ತೆಗೆದು, ಬಿಳಿ ಸುಣ್ಣದಕಲ್ಲು ತುಂಬಿ ಬಿಡಿಸಿದ ಚಿತ್ರ. 110 ಮೀಟರ್ ಉದ್ದ, ಸುಮಾರು 3,000 ವರ್ಷ ಹಳೆಯದು. ನೋಡಿಕೊಳ್ಳದೆ ಬಿಟ್ಟರೆ ಕೆಲವೇ ವರ್ಷದಲ್ಲಿ ಹುಲ್ಲು ಮುಚ್ಚಿಬಿಡುತ್ತದೆ. ಈಗಲೂ ಜನ ಮಂಡಿಯೂರಿ ಕೂತು ಸುತ್ತಿಗೆಯಿಂದ ಹೊಸ ಬಿಳಿಕಲ್ಲು ಕುಟ್ಟಿ ತುಂಬುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳಿಗೆ ಗುರುತು ಸಿಗಬಾರದು ಅಂತ ಮುಚ್ಚಿಟ್ಟಿದ್ದರು. ಕೇಳಲಿಕ್ಕೆ ಅದ್ಭುತ, ಅಲ್ವಾ? ಆದರೆ ಗುಡ್ಡದ ಮೇಲೆ ಹೋಗಿ ನಿಂತರೆ ಕುದುರೆ ಕಾಣೋದಿಲ್ಲ. ಒಂದು ಕಿವಿ, ಒಂದು ಬೆನ್ನಿನ ಗೆರೆ, ಅಷ್ಟೇ. ಇಡೀ ಕುದುರೆ ಬೇಕಾದರೆ ಕೆಳಗಿನ ಬಯಲಿನ ರಸ್ತೆಗಳಿಂದ ದೂರಕ್ಕೆ ನೋಡಬೇಕು. ನನ್ನ ಮಗಳು "ಕುದುರೆ ಎಲ್ಲಪ್ಪಾ?" ಅಂತ ಕುದುರೆಯ ಪಕ್ಕದಲ್ಲೇ ನಿಂತು ಅತ್ತಿದ್ದಾಳೆ. ಮೇಲೆ ಗಾಳಿ ಜೋರು. ನೆರಳಿಲ್ಲ, ಕೆಫೆ ಇಲ್ಲ. ಗಾಳಿಪಟ ತಂದವರಿಗೆ ಮಾತ್ರ ಹಬ್ಬ.

ಏವ್‌ಬರಿ ಇದಕ್ಕೆ ಉಲ್ಟಾ. ಸುಮಾರು 4,500 ವರ್ಷ ಹಳೆಯ ಕಲ್ಲಿನ ವೃತ್ತ, ಅಳತೆಯಲ್ಲಿ ಸ್ಟೋನ್‌ಹೆಂಜ್‌ಗಿಂತ ಎಷ್ಟೋ ಪಾಲು ದೊಡ್ಡದು. ಎಷ್ಟು ದೊಡ್ಡದು ಅಂದರೆ ಅದರ ಒಳಗೇ ಹಳ್ಳಿ ಇದೆ, ರಸ್ತೆ ಇದೆ, ಪಬ್ ಇದೆ. ಸ್ಟೋನ್‌ಹೆಂಜ್‌ನಲ್ಲಿ ಟಿಕೆಟ್ ತಗೊಂಡು ಹಗ್ಗದ ಆಚೆಯಿಂದ ನೋಡಬೇಕು. ಇಲ್ಲಿ ಕಲ್ಲು ಮುಟ್ಟಬಹುದು, ಒರಗಬಹುದು. ಕಲ್ಲಿನ ನೆರಳಲ್ಲಿ ಮಲಗಿದ ಕುರಿಯನ್ನು ಎಬ್ಬಿಸದೆ ಪಕ್ಕದಲ್ಲಿ ಕೂರಬಹುದು. ಕಲ್ಲು ನೋಡಲು ದುಡ್ಡಿಲ್ಲ, ಕಾರು ನಿಲ್ಲಿಸಲು ಇದೆ. ಇಂಥ ಹಳೆಯ ಜಾಗಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಸದಸ್ಯರಾದರೆ ಅದೂ ಇಲ್ಲ.

ಅಪ್ಪನಿಗೆ ಇಷ್ಟವಾದದ್ದು ಕ್ಷೌರಿಕನ ಕಥೆ. ಮಧ್ಯಯುಗದಲ್ಲಿ ಊರಿನವರು ಈ ಕಲ್ಲುಗಳನ್ನು ಉರುಳಿಸಿ ಹೂಳುತ್ತಿದ್ದರು. 1938ರಲ್ಲಿ ಮಾರ್ಮಲೇಡ್ ವ್ಯಾಪಾರದ ಮನೆತನದ ಅಲೆಕ್ಸಾಂಡರ್ ಕೀಲರ್ ಇಲ್ಲಿ ಅಗೆಸುತ್ತಿದ್ದಾಗ ಒಂದು ಕಲ್ಲಿನ ಕೆಳಗೆ ಅಸ್ಥಿಪಂಜರ ಸಿಕ್ಕಿತು. ಜೊತೆಗೆ ಒಂದು ಕತ್ತರಿ, 14ನೇ ಶತಮಾನದ ನಾಣ್ಯಗಳು. ಆ ಕಲ್ಲಿಗೆ ಈಗ ಕ್ಷೌರಿಕನ ಕಲ್ಲು ಅಂತಲೇ ಹೆಸರು. ಆಮೇಲಿನ ಕಾಲದವರು ಕಲ್ಲಿಗೆ ಬೆಂಕಿ ಹಾಕಿ ಕಾಯಿಸಿ, ತಣ್ಣೀರು ಸುರಿದು, ಸುತ್ತಿಗೆಯಿಂದ ಒಡೆದು ಮನೆ ಕಟ್ಟಿಕೊಂಡರು. ಅಂದರೆ ಊರೊಳಗಿನ ಗೋಡೆಗಳಲ್ಲೂ ಆ ವೃತ್ತವೇ ಇದೆ. ಅಪ್ಪ ಒಂದೊಂದು ಗೋಡೆ ತಟ್ಟಿ ನೋಡುತ್ತಾ ಬಂದರು. ಮಂಡಿಗೆ ತೊಂದರೆ ಇಲ್ಲ. ಸುತ್ತಲಿನ ದಿಬ್ಬ ಹತ್ತಲೇಬೇಕು ಅಂತೇನಿಲ್ಲ. ಮಕ್ಕಳಿದ್ದರೂ ಅಜ್ಜ ಅಜ್ಜಿ ಇದ್ದರೂ ಈ ಎರಡರಲ್ಲಿ ಏವ್‌ಬರಿಯೇ ಸರಿ.

ಸೆವೆನ್ ಸಿಸ್ಟರ್ಸ್ ಬಗ್ಗೆ ಹೇಳುವಾಗ ನಾನು ಸ್ವಲ್ಪ ಗಂಭೀರ ಆಗುತ್ತೇನೆ. ದಕ್ಷಿಣ ಕಡಲತೀರದ ಆ ಬಿಳಿ ಬಂಡೆಗೋಡೆಗಳನ್ನು ನೋಡಿದಾಗ ಉಸಿರು ನಿಲ್ಲುತ್ತದೆ, ಅದು ನಿಜ. ಆದರೆ ರೆಡಿಂಗ್‌ನಿಂದ ಎರಡು ಗಂಟೆಗೂ ಮೇಲೆ. ಅದೂ ಬಿಸಿಲಿನ ಭಾನುವಾರ ಅಲ್ಲದಿದ್ದರೆ. ಎಲ್ಲರೂ ಮಾಡುವ ತಪ್ಪು ಒಂದಿದೆ. ಕ್ಯಾಲೆಂಡರಿನಲ್ಲಿ ಬರುವ ಫೋಟೋ ಆ ಗುಡ್ಡಗಳ ಮೇಲಿನಿಂದ ತೆಗೆದದ್ದಲ್ಲ. ಕಕ್‌ಮಿಯರ್ ನದಿಯ ಈಚೆ ದಡ, ಸೀಫರ್ಡ್ ಹೆಡ್ ಕಡೆಯಿಂದ ತೆಗೆದದ್ದು. ನದಿಗೆ ಸೇತುವೆ ಇರುವ ಎಕ್ಸೀಟ್‌ನಲ್ಲಿ ಇಳಿದು ಆಚೆ ದಡ ಹಿಡಿದರೆ ಆ ನೋಟ ಸಿಗೋದಿಲ್ಲ. ಸಮುದ್ರದ ಹತ್ತಿರ ನದಿ ದಾಟಲು ಸೇತುವೆಯೂ ಇಲ್ಲ. ತಿರುಗಿ ಎಕ್ಸೀಟ್‌ಗೇ ಬರಬೇಕು. ನಾವು ಹಾಗೆ ಬಂದವರೇ.

ಗುಡ್ಡದಿಂದ ಗುಡ್ಡಕ್ಕೆ ಇಳಿದು ಹತ್ತುವ ನಡಿಗೆ ಗಟ್ಟಿ ಕಾಲಿನವರಿಗೆ ಮಾತ್ರ. ಅಂಚಿನ ಹತ್ತಿರ ಹೋಗಲೇಬೇಡಿ. ಹುಲ್ಲು ಮುಂದಕ್ಕೆ ಚಾಚಿರುತ್ತದೆ, ಕೆಳಗೆ ಕಲ್ಲು ಇರೋದಿಲ್ಲ. ಮುನ್ಸೂಚನೆ ಕೊಡದೆ ಟನ್‌ಗಟ್ಟಲೆ ಬಿಳಿಕಲ್ಲು ಕುಸಿಯುತ್ತದೆ. ಪಕ್ಕದ ಬೀಚಿ ಹೆಡ್ 162 ಮೀಟರ್. ಸೆಲ್ಫಿಗೆ ಹಿಂದಕ್ಕೆ ಹೆಜ್ಜೆ ಇಡುವವರನ್ನು ಕಂಡರೆ ನನ್ನ ಕೈಕಾಲು ತಣ್ಣಗಾಗುತ್ತದೆ. ಹೋಗುವುದಿದ್ದರೆ ಬೇಸಿಗೆಯ ಉದ್ದ ದಿನ ಆರಿಸಿ. ಅಷ್ಟು ದೂರ ಹೋದವರು ವಾಪಸ್ ಬರುವಾಗ ಬ್ರೈಟನ್ ಮೇಲಿನ ಗುಡ್ಡದಲ್ಲಿರುವ ಛತ್ರಿ ಅನ್ನುವ ಗುಮ್ಮಟದ ಸ್ಮಾರಕವನ್ನೂ ನೋಡಬಹುದು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಬ್ರೈಟನ್ ಆಸ್ಪತ್ರೆಗಳಲ್ಲಿ ತೀರಿಕೊಂಡ ಹಿಂದೂ ಮತ್ತು ಸಿಖ್ ಸೈನಿಕರನ್ನು ದಹನ ಮಾಡಿದ ಜಾಗ. 1921ರಲ್ಲಿ ಅಲ್ಲಿ ಬಿಳಿ ಅಮೃತಶಿಲೆಯ ಛತ್ರಿ ನಿಲ್ಲಿಸಿದರು. ಕಾರು ಹತ್ತಿರ ಹೋಗೋದಿಲ್ಲ. ಕುರಿ ಮೇಯುವ ಹೊಲದ ನಡುವೆ ನಡೆದೇ ಹೋಗಬೇಕು. ನಾವು ಹೋದಾಗ ಯಾರೂ ಇರಲಿಲ್ಲ.

ಕಾರಿಲ್ಲದವರಿಗೆ ಉತ್ತರ ಸುಲಭ, ಬಾಕ್ಸ್ ಹಿಲ್. ರೆಡಿಂಗ್‌ನಿಂದ ಗುಡ್ಡದ ಹತ್ತಿರದ ಡಾರ್ಕಿಂಗ್ ಡೀಪ್‌ಡೀನ್ ನಿಲ್ದಾಣಕ್ಕೆ ನೇರ ರೈಲಿದೆ. ಮೋಲ್ ನದಿಗೆ ಅಡ್ಡಲಾಗಿ ಹಾಕಿದ ಕಲ್ಲುಗಳ ಮೇಲೆ ಹೆಜ್ಜೆ ಇಟ್ಟು ದಾಟುವುದು ಮಕ್ಕಳಿಗೆ ಖುಷಿ. ಆಮೇಲೆ ಬರುವ ಮೆಟ್ಟಿಲು ಯಾರಿಗೂ ಖುಷಿ ಅಲ್ಲ. 2012ರ ಒಲಿಂಪಿಕ್ಸ್ ಸೈಕಲ್ ರೇಸ್ ಇದೇ ಗುಡ್ಡ ಹತ್ತಿತ್ತು, ಹಾಗಾಗಿ ಶನಿವಾರ ಸೈಕಲ್‌ನವರ ಜಾತ್ರೆ. ರೈಲಿನಲ್ಲಿ ಮಕ್ಕಳ ಜೊತೆ ಹೋಗುವವರು ಫ್ಯಾಮಿಲಿ ಆ್ಯಂಡ್ ಫ್ರೆಂಡ್ಸ್ ರೈಲ್‌ಕಾರ್ಡ್ ಮಾಡಿಸಿಕೊಳ್ಳಿ. ದೊಡ್ಡವರಿಗೆ ಮೂರನೇ ಒಂದು ಭಾಗ, ಮಕ್ಕಳಿಗೆ ಶೇ 60 ಕಡಿಮೆ. ಒಂದು ಮಾತು: ಭಾನುವಾರ ಹಳ್ಳಿ ಬಸ್ಸು ನಂಬಬೇಡಿ. ಕೆಲವು ಕಡೆ ಇರೋದೇ ಇಲ್ಲ.

ಊಟದ ವಿಷಯ ಕೊನೆಗೆ ಇಟ್ಟುಕೊಂಡೆ, ಜಗಳ ಆಗೋದು ಇಲ್ಲೇ. ಅರ್ಧ ಜನ "ಪಬ್‌ನಲ್ಲೇ ತಿನ್ನೋಣ, ಅದೇ ಅಲ್ವಾ ಅನುಭವ" ಅಂತಾರೆ. ಅರ್ಧ ಜನ ಬೆಳಿಗ್ಗೆ ಐದಕ್ಕೆ ಎದ್ದು ಚಪಾತಿ ಲಟ್ಟಿಸುತ್ತಾರೆ. ನಾನು ಡಬ್ಬಿಯ ಪಕ್ಷ. ಒಮ್ಮೆ ಒಂದು ಹಳ್ಳಿ ಪಬ್‌ಗೆ ಎರಡೂ ನಲವತ್ತಕ್ಕೆ ಹೋದೆವು. ಅಡುಗೆಮನೆ ಎರಡೂವರೆಗೇ ಮುಚ್ಚಿತ್ತು. ಎಂಟು ಜನ, ಅದರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ. ಸಿಕ್ಕಿದ್ದು ಕ್ರಿಸ್ಪ್ಸ್ ಪೊಟ್ಟಣ, ಕಡಲೆಬೀಜ. ಅಮ್ಮ ಆ ಪಬ್‌ನ ಹೆಸರು ಈಗಲೂ ಹೇಳುತ್ತಾರೆ, ನಾನು ಹೇಳೋದಿಲ್ಲ. ಪಬ್ಬೇ ಬೇಕಾದರೆ ಹನ್ನೆರಡೂವರೆಗೆ ಮೇಜು ಕಾದಿರಿಸಿ. ಸಸ್ಯಾಹಾರಿಗಳು ಗ್ರೇವಿ ಯಾವುದರದು ಅಂತ ಕೇಳಿ. ಯಾರ್ಕ್‌ಷೈರ್ ಪುಡ್ಡಿಂಗ್‌ನಲ್ಲಿ ಮೊಟ್ಟೆ ಇರುತ್ತದೆ. ಮೂರು ಗಂಟೆಗೆ ಕ್ರೀಮ್ ಟೀ ಮಾತ್ರ ಬಿಡಬೇಡಿ. ಬಿಸಿ ಸ್ಕೋನ್ ಸೀಳಿ, ಜ್ಯಾಮ್ ಹಚ್ಚಿ, ಮೇಲೆ ಬೆಣ್ಣೆಯಂಥ ದಪ್ಪ ಕೆನೆ. ಅಪ್ಪ ಅದಕ್ಕೆ "ಬೆಣ್ಣೆ ಬಿಸ್ಕತ್ತಿನ ದೊಡ್ಡಣ್ಣ" ಅಂತ ಹೆಸರಿಟ್ಟಿದ್ದಾರೆ.

ತಿಂಗಳೂ ನೋಡಿ. ಜೂನ್‌ನಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕು. ಡಿಸೆಂಬರ್‌ನಲ್ಲಿ ನಾಲ್ಕಕ್ಕೆಲ್ಲ ಕತ್ತಲು, ಆಗ ಸ್ಟೋಕ್ ರೋ ಅಥವಾ ಏವ್‌ಬರಿ ಬಿಟ್ಟು ಬೇರೆ ಯೋಚನೆ ಬೇಡ. ಕಾರಿನಲ್ಲಿ ಒಂದು ಜೊತೆ ಬೇರೆ ಚಪ್ಪಲಿ, ಹಳೆ ಪಂಚೆ, ಕೆಸರು ಶೂ ಹಾಕಲು ಪ್ಲಾಸ್ಟಿಕ್ ಚೀಲ. ಮ್ಯಾಪ್ ಮನೆಯಲ್ಲೇ ಡೌನ್‌ಲೋಡ್ ಮಾಡಿ, ಕಣಿವೆಗಳಲ್ಲಿ ನೆಟ್‌ವರ್ಕ್ ಸಿಗೋದಿಲ್ಲ. ತೆಗೆದ ಗೇಟು ಮುಚ್ಚಿ, ತೆರೆದೇ ಇದ್ದದ್ದನ್ನು ಹಾಗೇ ಬಿಡಿ. ಕರು ಹಾಕಿದ ಹಸುಗಳಿದ್ದರೆ ಸುಮ್ನೆ ದೂರದಿಂದ ಸುತ್ತಿಕೊಂಡು ಹೋಗಿ. ಇಲ್ಲಿನ ಹಸು ಮೈ ಸವರಲು ಬಿಡುವ ಗೌರಿ ಅಲ್ಲ.

ಅಮ್ಮ ಊರಿಗೆ ಹೋಗಿ ಎರಡು ವರ್ಷ ಆಯಿತು. ಮುಂದಿನ ತಿಂಗಳು ಮತ್ತೆ ಬರುತ್ತಿದ್ದಾರೆ. ನಿನ್ನೆ ಫೋನ್‌ನಲ್ಲಿ, ಈ ಸಲ ಸಮುದ್ರದ ಹತ್ತಿರದ ಬಿಳಿ ಗುಡ್ಡಕ್ಕೆ ಹೋಗೋಣಮ್ಮ ಅಂದೆ. "ಆಯ್ತು" ಅಂದರು. ಇಡುವ ಮೊದಲು, "ಆ ಆನೆ ಬಾವಿ ಇನ್ನೊಂದ್ಸಲ ಆಗುತ್ತಾ? ಚಿಕ್ಕಮ್ಮನೂ ಬರ್ತಾಳಂತೆ, ಅವಳಿಗೆ ತೋರಿಸ್ಬೇಕು" ಅಂದರು.